ಗೊಬ್ಬರದ ಅಂಗಡಿಯವನಿಗೆ ಹಾರ್ವರ್ಡ್ ಪಾಠ: ಮೈಕೆಲ್ ಸ್ಯಾಂಡೆಲ್ ಅವರ ‘ಜಸ್ಟಿಸ್’ ಕೋರ್ಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ಇದು ಬಿಸಿನೆಸ್ ಕೋರ್ಸ್ ಅಲ್ಲ. ಲಾಭ-ನಷ್ಟದ ತಖ್ತೆ, ಮಾರ್ಕೆಟಿಂಗ್, ಸ್ಟಾಕ್ ಲೆಕ್ಕ ಯಾವುದೂ ಇಲ್ಲಿ ಸಿಗುವುದಿಲ್ಲ. ಹಾರ್ವರ್ಡ್‌ನಲ್ಲಿ ರಾಜಕೀಯ ತತ್ವಶಾಸ್ತ್ರ ಕಲಿಸುವ ಮೈಕೆಲ್ ಸ್ಯಾಂಡೆಲ್ ಅವರ ತರಗತಿಯನ್ನು ಇದ್ದ ಹಾಗೇ ಚಿತ್ರೀಕರಿಸಿ, 2009ರಲ್ಲಿ ಎಲ್ಲರೂ ನೋಡಲಿ ಅಂತ ಬಿಟ್ಟಿದ್ದಾರೆ. ಒಟ್ಟು 12 ಕಂತು. ಒಂದೊಂದೂ ಹೆಚ್ಚುಕಮ್ಮಿ 55 ನಿಮಿಷ, ಒಂದೊಂದರಲ್ಲೂ ಎರಡೆರಡು ಪಾಠ. ಯೂಟ್ಯೂಬ್‌ನಲ್ಲಿ ಪುಕ್ಕಟೆ. ಎಡೆಕ್ಸ್ ಅನ್ನುವ ಆನ್‌ಲೈನ್ ಕೋರ್ಸ್‌ಗಳ ತಾಣದಲ್ಲೂ ಇದೆ. ಅಲ್ಲಿ ಓದುವ ಸಾಮಗ್ರಿ, ಪ್ರಶ್ನೆಗಳು ಜೊತೆಗೆ ಬರುತ್ತವೆ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ದುಡ್ಡು.

ಬಿಸಿನೆಸ್ ಕೋರ್ಸ್ ಅಲ್ಲ ಅಂದಮೇಲೂ ಇದನ್ನು ವ್ಯಾಪಾರ ಮಾಡುವವರಿಗೆ, ಎಂಬಿಎ ಓದುವವರಿಗೆ ಅಂತಲೇ ಬರೆಯುತ್ತಿದ್ದೇನೆ. ಯಾಕೆಂದರೆ ಎಂಬಿಎಯಲ್ಲಿ ನನಗೆ ಸಿಗಬೇಕಾಗಿದ್ದ ಒಂದು ಪೇಪರ್ ಇದರಲ್ಲಿ ಸಿಕ್ಕಿತು. ಎಲ್ಲ 12 ಕಂತೂ ನಮಗೆ ಬೇಕಾಗಿಲ್ಲ. ಕೆಲವನ್ನು ಬಿಟ್ಟರೂ ನಡೆಯುತ್ತದೆ. ಒಂದು ಕಡೆಯಂತೂ ಈ ಮೇಷ್ಟ್ರು ನಮ್ಮಂಥವರನ್ನು ನಡುದಾರಿಯಲ್ಲಿ ಕೈಬಿಟ್ಟಿದ್ದಾರೆ. ಅದನ್ನೂ ಬರೆಯುತ್ತೇನೆ.

ನಂದು ಹಾವೇರಿ ಜಿಲ್ಲೆಯಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿ. ಅಪ್ಪ ಶುರು ಮಾಡಿದ್ದು. ನಾನು ಹುಬ್ಬಳ್ಳಿಯಲ್ಲಿ ಎಂಬಿಎ ಮುಗಿಸಿ ಒಂದಷ್ಟು ಕಾಲ ಬೆಂಗಳೂರಿನಲ್ಲಿ ಸೇಲ್ಸ್ ಕೆಲಸ ಮಾಡಿ ವಾಪಸ್ ಬಂದವನು. ಎಂಬಿಎಯಲ್ಲಿ ‘ಬಿಸಿನೆಸ್ ಎಥಿಕ್ಸ್’ ಅಂತ ಒಂದು ವಿಷಯ ಇತ್ತು. ಕಾಲೇಜಿನ ಹೆಸರು ಬೇಡ. ಪಾಠ ಅಂದರೆ ಜೆರಾಕ್ಸ್ ನೋಟ್ಸ್. ಸ್ಟೇಕ್‌ಹೋಲ್ಡರ್ ಅಂದರೆ ಯಾರು, ಸಿಎಸ್‌ಆರ್‌ನ (ಕಂಪನಿಯ ಸಾಮಾಜಿಕ ಹೊಣೆ) ಐದು ಉಪಯೋಗ ಬರೆಯಿರಿ, ಈ ತರಹದ್ದು. ಕಂಪನಿಯ ಹೊಣೆ ಲಾಭ ಮಾಡುವುದು ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಬರೆದ ಲೇಖನಕ್ಕೆ ಎರಡು ಸಾಲು, ಅದಕ್ಕೆ ವಿರೋಧವಾಗಿ ಇನ್ನೆರಡು ಸಾಲು. ಆ ನೋಟ್ಸಿನಲ್ಲಿ ಒಳ್ಳೆಯ ಆಡಳಿತಕ್ಕೆ ಉದಾಹರಣೆಯಾಗಿ ಕೊಟ್ಟಿದ್ದ ಕಂಪನಿ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ! 2008ರಲ್ಲಿ ಅದಕ್ಕೆ ಕಾರ್ಪೊರೇಟ್ ಆಡಳಿತಕ್ಕೆಂದೇ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿ 7ರಂದು ಅದರ ಚೇರ್ಮನ್ ರಾಮಲಿಂಗ ರಾಜು ಲೆಕ್ಕಪತ್ರವೇ ಸುಳ್ಳು ಅಂತ ಪತ್ರ ಬರೆದರು. ನಾವು ಕೊನೆಯ ಸೆಮಿಸ್ಟರ್‌ನಲ್ಲಿದ್ದೆವು. ನಮ್ಮ ಲೆಕ್ಚರರ್ ಮಾಡಿದ್ದು ಇಷ್ಟೇ: ಆ ಪುಟಕ್ಕೆ ಅಡ್ಡಗೆರೆ ಎಳೆದುಕೊಳ್ಳಿ ಅಂದರು. ಚರ್ಚೆ ಗಿರ್ಚೆ ಏನಿಲ್ಲ. ಪರೀಕ್ಷೆಗೆ ಬರಲ್ಲ ಅಷ್ಟೇ.

ರಾಜು ಕೂಡ ಎಂಬಿಎನೇ, ಅಮೆರಿಕದ ಒಹಾಯೊ ಯೂನಿವರ್ಸಿಟಿಯಲ್ಲಿ. 2001ರಲ್ಲಿ ಮುಳುಗಿದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಜೆಫ್ರಿ ಸ್ಕಿಲಿಂಗ್ ಓದಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ. ಅದೇ ಸ್ಕೂಲಿನಿಂದ 2009ರಲ್ಲಿ ಹೊರಬಿದ್ದ ವಿದ್ಯಾರ್ಥಿಗಳು ‘ಎಂಬಿಎ ಪ್ರಮಾಣವಚನ’ ಅಂತ ಒಂದನ್ನು ತಯಾರಿಸಿ ಸಹಿ ಹಾಕಿದರು, ಡಾಕ್ಟರುಗಳು ಮಾಡುತ್ತಾರಲ್ಲ ಆ ತರಹ. ಚಾರ್ಲ್ಸ್ ನದಿಯ ಒಂದು ದಡದಲ್ಲಿ ಬಿಸಿನೆಸ್ ಸ್ಕೂಲು. ಆಚೆ ದಡದಲ್ಲಿ, ಸ್ಯಾಂಡರ್ಸ್ ಥಿಯೇಟರ್ ಅನ್ನುವ ಹಳೇ ಮರದ ಸಭಾಂಗಣದಲ್ಲಿ ಸ್ಯಾಂಡೆಲ್ ಪಾಠ. ಅರ್ಥಶಾಸ್ತ್ರದ ಪಿತಾಮಹ ಅಂತ ನಾವು ಉರುಹೊಡೆಯುವ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಅವರ ಕಾಲದಲ್ಲಿ ಈ ಎರಡು ದಡದ ನಡುವೆ ನದಿ ಇರಲಿಲ್ಲ ಅಂತ ಕಾಣುತ್ತದೆ.

ಸರಿ, ಕೋರ್ಸ್‌ಗೆ ಬರೋಣ.

ಸ್ಯಾಂಡೆಲ್ ಪಾಠ ಮಾಡುವ ರೀತಿಯೇ ಇದರ ದೊಡ್ಡ ಬಂಡವಾಳ. ಸಾವಿರದಷ್ಟು ಹುಡುಗ ಹುಡುಗಿಯರು ಕೆಳಗೂ ಬಾಲ್ಕನಿಯಲ್ಲೂ ಕೂತಿರುತ್ತಾರೆ. ಅವರು ಒಂದು ಸನ್ನಿವೇಶ ಹೇಳಿ ಕೈ ಎತ್ತಿಸುತ್ತಾರೆ. ಒಬ್ಬನನ್ನು ನಿಲ್ಲಿಸಿ ಯಾಕೆ ಅಂತ ಕೇಳುತ್ತಾರೆ. ಅವನ ಹೆಸರು ಕೇಳಿ ನೆನಪಿಟ್ಟುಕೊಂಡು, ಬಾಲ್ಕನಿಯಲ್ಲಿರುವ ಇನ್ನೊಬ್ಬಳಿಗೆ ‘ಇವನಿಗೆ ಏನು ಉತ್ತರ ಕೊಡುತ್ತೀಯ’ ಅಂತ ತಿರುಗಿಸುತ್ತಾರೆ. ತನ್ನ ಅಭಿಪ್ರಾಯ ಏನು ಅಂತ ಕೊನೇ ಕಂತುಗಳವರೆಗೂ ಬಿಟ್ಟುಕೊಡುವುದಿಲ್ಲ. ಯಾರನ್ನೂ ದಡ್ಡ ಅನ್ನಿಸುವುದಿಲ್ಲ. ಪಿಪಿಟಿ ಓದಿಸಿಕೊಂಡು ಬೆಳೆದ ನನಗೆ ಅದನ್ನು ನೋಡಿಯೇ ಹೊಟ್ಟೆ ಉರಿಯಿತು.

ಮೊದಲ ಕಂತು ಎಲ್ಲರಿಗೂ ಗೊತ್ತಿರುವುದೇ. ಬ್ರೇಕ್ ಇಲ್ಲದ ಟ್ರಾಲಿ, ಹಳಿ ಮೇಲೆ ಐದು ಜನ ಕೂಲಿಗಳು, ಪಕ್ಕದ ಹಳಿಯಲ್ಲಿ ಒಬ್ಬ, ಯಾವ ಕಡೆ ತಿರುಗಿಸುತ್ತೀಯ ಅನ್ನುವ ಪ್ರಶ್ನೆ. ಆಮೇಲೆ 1884ರ ಒಂದು ನಿಜವಾದ ಮೊಕದ್ದಮೆ: ಹಡಗು ಮುಳುಗಿ, ಸಣ್ಣ ದೋಣಿಯಲ್ಲಿ ಉಳಿದವರು ಹಡಗಿನ ಚಾಕರಿಯ ಹುಡುಗನನ್ನು ಕೊಂದು ತಿಂದದ್ದು. ಚೆನ್ನಾಗಿದೆ, ಮಜವಾಗಿದೆ. ಆದರೆ ಮ್ಯಾನೇಜರ್‌ಗಳಿಗೆ ಅಷ್ಟೇನೂ ಹತ್ತುವುದಿಲ್ಲ. ನಾವು ಯಾರೂ ಒಂದೇ ಏಟಿಗೆ ಐದು ಜನರನ್ನು ಕೊಲ್ಲುವ ಗುಂಡಿ ಒತ್ತಲು ಕೂತಿರುವುದಿಲ್ಲ. ಸಂಬಳ ಬರೋದೇ ಸಣ್ಣಸಣ್ಣ ಗುಂಡಿ ಒತ್ತುವುದಕ್ಕೆ.

ಎರಡನೇ ಕಂತು ನಮ್ಮದು. ಎಲ್ಲರ ಸುಖವನ್ನು ಕೂಡಿಸಿ ನೋವನ್ನು ಕಳೆದರೆ ಉತ್ತರ ಸಿಗುತ್ತದೆ ಅನ್ನುವ ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ ವಾದ ಇಲ್ಲಿ ಬರುತ್ತದೆ. ಅದಕ್ಕೆ ಕೊಡುವ ಉದಾಹರಣೆಗಳು ಎರಡೂ ಕಂಪನಿಗಳವು. ಫಿಲಿಪ್ ಮಾರಿಸ್ 2001ರಲ್ಲಿ ಜೆಕ್ ದೇಶದಲ್ಲಿ ಒಂದು ವರದಿ ಮಾಡಿಸಿತು. ಸಿಗರೇಟ್ ಸೇದುವವರು ಬೇಗ ಸಾಯುವುದರಿಂದ ಸರ್ಕಾರಕ್ಕೆ ಪಿಂಚಣಿ, ಮನೆ, ಆಸ್ಪತ್ರೆ ಖರ್ಚು ಉಳಿಯುತ್ತದೆ, ಎಲ್ಲ ಕೂಡಿ ಕಳೆದರೆ ಸರ್ಕಾರಕ್ಕೆ 14.7 ಕೋಟಿ ಡಾಲರ್ ಲಾಭ ಅಂತ ಅದರ ಲೆಕ್ಕ. ಬೇಗ ಸತ್ತ ಒಬ್ಬೊಬ್ಬನಿಂದಲೂ 1,227 ಡಾಲರ್ ಉಳಿತಾಯ. ಗಲಾಟೆಯಾದ ಮೇಲೆ ಕಂಪನಿ ಕ್ಷಮೆ ಕೇಳಿತು. ಇನ್ನೊಂದು ಫೋರ್ಡ್ ಪಿಂಟೊ. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕ್‌ಗೆ ಬೆಂಕಿ ಹತ್ತುತ್ತಿದ್ದ ಕಾರು. ಸರಿಪಡಿಸಲು ವಾಹನಕ್ಕೆ 11 ಡಾಲರ್. 1.25 ಕೋಟಿ ವಾಹನಕ್ಕೆ ಹೆಚ್ಚುಕಮ್ಮಿ 13.7 ಕೋಟಿ ಡಾಲರ್. ಸರಿಪಡಿಸಿದರೆ ತಪ್ಪುವುದು 180 ಸಾವು, ತಲೆಗೆ 2 ಲಕ್ಷ ಡಾಲರ್. 180 ಜನರ ಸುಟ್ಟಗಾಯ, ತಲೆಗೆ 67 ಸಾವಿರ. ಜೊತೆಗೆ ಸುಟ್ಟ ಕಾರುಗಳು. ಎಲ್ಲ ಸೇರಿ 4.95 ಕೋಟಿ. ಆದ್ದರಿಂದ ಬೇಡ.

ಇಲ್ಲಿ ನನ್ನದೊಂದು ತಕರಾರು ಇದೆ. ಈ ಪಿಂಟೊ ಲೆಕ್ಕದ ಕಥೆ ತರಗತಿಯಲ್ಲಿ ಕೇಳಿದಷ್ಟು ನೇರ ಅಲ್ಲ. ಆ ಲೆಕ್ಕವನ್ನು ಫೋರ್ಡ್ ಮಾಡಿದ್ದು ಅಮೆರಿಕದ ರಸ್ತೆ ಸುರಕ್ಷತೆ ಇಲಾಖೆಗೆ ಸಲ್ಲಿಸಲು. ಅದು ಹೇಳುತ್ತಿದ್ದದ್ದು ಕಾರು ಪಲ್ಟಿಯಾದಾಗ ಸೋರುವ ಪೆಟ್ರೋಲಿನ ಬಗ್ಗೆ, ಬರೀ ಪಿಂಟೊ ಅಲ್ಲ, ದೇಶದ ಎಲ್ಲ ಹೊಸ ಕಾರು ಮತ್ತು ಸಣ್ಣ ಟ್ರಕ್ ಬಗ್ಗೆ. 1.25 ಕೋಟಿ ಅನ್ನುವ ಸಂಖ್ಯೆ ನೋಡಿದರೇ ಅನುಮಾನ ಬರಬೇಕು. ಒಂದು ಜೀವಕ್ಕೆ 2 ಲಕ್ಷ ಡಾಲರ್ ಅಂತ ಬೆಲೆ ಕಟ್ಟಿದ್ದೂ ಆ ಇಲಾಖೆಯೇ. ಪಿಂಟೊ ಕೆಟ್ಟ ಕಾರು, ಅದರಲ್ಲಿ ಎರಡು ಮಾತಿಲ್ಲ, 1978ರಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಆದರೆ ಜೀವಕ್ಕೆ ಬೆಲೆ ಕಟ್ಟುವವರು ಕೋಟುಬೂಟಿನ ದುಷ್ಟರು ಮಾತ್ರ ಅಂತ ಹುಡುಗರು ತಿಳಿದುಕೊಂಡು ಹೋದರೆ ಪಾಠ ತಪ್ಪಿದ ಹಾಗೆ. ಸರ್ಕಾರವೂ ಕಟ್ಟುತ್ತದೆ, ವಿಮೆಯವರೂ ಕಟ್ಟುತ್ತಾರೆ. ಕಟ್ಟದೆ ರಸ್ತೆ ಹಾಕಲಿಕ್ಕೂ ಆಗುವುದಿಲ್ಲ. ಕಷ್ಟ ಇರೋದೇ ಅಲ್ಲಿ.

ಆದರೂ ಈ ಕಂತು ನನ್ನ ಅಂಗಡಿಯೊಳಗೇ ಬಂದು ಕೂತಿತು. ಬೀಜ ಸರಿಯಾಗಿ ಮೊಳೆಯದಿದ್ದರೆ ಏನಾಗುತ್ತದೆ ಗೊತ್ತಾ? ರೈತ ಗೋವಿನಜೋಳದ ಖಾಲಿ ಪಾಕೀಟು, ಬಿಲ್ಲು ಹಿಡಿದುಕೊಂಡು ಬರುತ್ತಾನೆ. ಕಂಪನಿಯವರು ಹೊಲ ನೋಡುತ್ತಾರೆ. ಅವರ ತಪ್ಪು ಅಂತಾದರೆ ಇನ್ನೊಂದು ಪಾಕೀಟು ಕೊಡುತ್ತಾರೆ, ಇಲ್ಲವೇ ಪಾಕೀಟಿನ ದುಡ್ಡು. ಕಂಪನಿಯ ಲೆಕ್ಕದಲ್ಲಿ ಅದು ಮುಗಿಯಿತು. ಹದ ಹೋಯಿತಲ್ಲ, ಅದು ಯಾವ ಕಾಲಂನಲ್ಲಿ ಬರೆಯೋದು? ಮಳೆ ಬಿದ್ದ ಆ ವಾರ ಮತ್ತೆ ಬರುವುದಿಲ್ಲ. ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಹಾಕಿದ ಗೊಬ್ಬರ ಹೋದವು. ಬೆಂಥಮ್‌ಗೆ ವಿದ್ಯಾರ್ಥಿಗಳು ಹಾಕುವ ಆಕ್ಷೇಪವೂ ಇದೇ: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲು ಆಗುವುದಿಲ್ಲ. ನಾನಾಗಿದ್ದರೆ ಇನ್ನೊಂದು ಸೇರಿಸುತ್ತಿದ್ದೆ. ತಕ್ಕಡಿ ಯಾರ ಕೈಲಿದೆಯೋ ಅವರು ತಮಗೆ ಕಂಡದ್ದನ್ನಷ್ಟೇ ಅದರಲ್ಲಿ ಹಾಕುತ್ತಾರೆ.

ಕಂತು 3 ನನ್ನ ದುಡಿಮೆಗೆ ಸರ್ಕಾರ ಕೈಹಾಕಬಾರದು ಅನ್ನುವ ಸ್ವಾತಂತ್ರ್ಯವಾದಿಗಳದ್ದು, 4ರಲ್ಲಿ ಜಾನ್ ಲಾಕ್ ಅನ್ನುವ ತತ್ವಜ್ಞಾನಿ. ತೆರಿಗೆ ಕಳ್ಳತನವೇ, ಬಾಸ್ಕೆಟ್‌ಬಾಲ್ ಆಡಿ, ಜಾಹೀರಾತು ಮಾಡಿ ಒಂದೇ ವರ್ಷದಲ್ಲಿ 7.8 ಕೋಟಿ ಡಾಲರ್ ದುಡಿದ ಮೈಕೆಲ್ ಜೋರ್ಡನ್ ಅದನ್ನು ಯಾರಿಗಾದರೂ ಯಾಕೆ ಕೊಡಬೇಕು, ಇಂಥದ್ದು. ಜಿಎಸ್‌ಟಿ ರಿಟರ್ನ್ ತುಂಬುವ ದಿನ ನೋಡಿದರೆ ಮಜಾ ಬರುತ್ತದೆ. ಐದನೆಯದು ಸೈನ್ಯಕ್ಕೆ ಸಂಬಳದವರು, ಬಾಡಿಗೆ ತಾಯ್ತನ. ಮಾರಬಹುದಾದದ್ದು ಯಾವುದು, ಮಾರಬಾರದ್ದು ಯಾವುದು ಅನ್ನುವುದು ಸ್ಯಾಂಡೆಲ್ ಅವರ ಇಷ್ಟದ ವಿಷಯ. ಮಾರುಕಟ್ಟೆ ಇರಲಿ, ಆದರೆ ಬದುಕೆಲ್ಲ ಮಾರುಕಟ್ಟೆ ಆಗಬಾರದು ಅನ್ನುವವರು ಅವರು. ಬೇಕಾದವರು ನೋಡಿ.

ಆರನೆಯದಕ್ಕೆ ಬರೋಣ. ಇಡೀ ಕೋರ್ಸ್‌ನಲ್ಲಿ ಒಂದೇ ಕಂತು ನೋಡುತ್ತೇನೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಜರ್ಮನಿಯ ತತ್ವಜ್ಞಾನಿ ಇಮ್ಮಾನುಯೆಲ್ ಕಾಂಟ್ 1785ರಲ್ಲಿ ಬರೆದ ಒಂದು ಅಂಗಡಿಯವನ ಉದಾಹರಣೆ ಇದರಲ್ಲಿದೆ. ಏನೂ ತಿಳಿಯದ ಗಿರಾಕಿ ಬರುತ್ತಾನೆ. ಅಂಗಡಿಯವನು ಜಾಸ್ತಿ ದುಡ್ಡು ಕಿತ್ತುಕೊಳ್ಳಬಹುದು, ಆದರೆ ಕೀಳುವುದಿಲ್ಲ. ಯಾಕೆ? ಊರಲ್ಲಿ ಗೊತ್ತಾದರೆ ವ್ಯಾಪಾರ ಕೆಡುತ್ತದೆ ಅಂತ. ಇದು ಸರಿಯಾದ ಕೆಲಸವೇ, ಆದರೆ ಇದರಲ್ಲಿ ನೈತಿಕ ಮೌಲ್ಯ ಇಲ್ಲ ಅನ್ನುತ್ತಾರೆ ಕಾಂಟ್. ಜೊತೆಗೆ ಸ್ಯಾಂಡೆಲ್ ತೋರಿಸುವುದು ನ್ಯೂಯಾರ್ಕಿನ ಬೆಟರ್ ಬಿಸಿನೆಸ್ ಬ್ಯೂರೋದ ಒಂದು ಜಾಹೀರಾತು. ಪ್ರಾಮಾಣಿಕತೆ ಒಳ್ಳೆಯ ನೀತಿ, ಜೊತೆಗೆ ಅತಿ ಹೆಚ್ಚು ಲಾಭ ತರುವುದೂ ಅದೇ ಅನ್ನುವ ಅರ್ಥದ್ದು. ನೋಡುತ್ತಲೇ ನಗು ಬಂತು. ನನ್ನ ಎಂಬಿಎ ನೋಟ್ಸಿನ ಅಷ್ಟೂ ಪುಟಗಳ ಸಾರ ಅದೊಂದೇ ಸಾಲು! ಒಳ್ಳೆಯವನಾಗಿರು, ಬ್ರಾಂಡ್‌ಗೆ ಒಳ್ಳೆಯದು. ಹಾಗಾದರೆ ಬ್ರಾಂಡ್‌ಗೆ ಏನೂ ಆಗುವುದಿಲ್ಲ ಅಂತ ಖಾತ್ರಿಯಾದಾಗ?

ಇದೇ ಪಾಠದಲ್ಲಿ ಸ್ಪೆಲಿಂಗ್ ಸ್ಪರ್ಧೆಯ ಹುಡುಗನೊಬ್ಬ ಬರುತ್ತಾನೆ. ತಪ್ಪು ಹೇಳಿದ್ದನ್ನು ತೀರ್ಪುಗಾರರು ಸರಿ ಅಂತ ಕೇಳಿಸಿಕೊಳ್ಳುತ್ತಾರೆ. ಅವನೇ ಹೋಗಿ ‘ನಾನು ತಪ್ಪು ಹೇಳಿದ್ದೆ’ ಅಂದು ಸ್ಪರ್ಧೆಯಿಂದ ಹೊರಬೀಳುತ್ತಾನೆ. ನನಗೆ ನೆನಪಾದದ್ದು ನಮ್ಮ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ವಾಪಸ್ ಸುರಿದು ಬಾ ಅಂದವಳು. ಅಲ್ಲಿ ನೋಡುವವರು ಯಾರಿದ್ದರು? ಕಾಂಟ್‌ಗಿಂತ ಆರು ನೂರು ವರ್ಷ ಹಿಂದಿನ ಮಾತು. ನಮ್ಮ ಎಂಬಿಎ ಸಿಲಬಸ್ ಮಾಡಿದವರಿಗೆ ಇದು ಹೊಳೆಯಲಿಲ್ಲ ನೋಡಿ.

ಕಾಂಟ್ ಹೇಳಿದ್ದನ್ನೆಲ್ಲ ನಾನು ಒಪ್ಪುವುದಿಲ್ಲ. ಅಪ್ಪ ಹೇಳುತ್ತಿದ್ದದ್ದು ಒಂದೇ: ‘ಊರು ಸಣ್ಣದೈತಿ. ಒಮ್ಮೆ ಹೆಸರು ಕೆಟ್ಟರ ಕದಾ ಹಾಕ್ಕೊಂಡು ಮನಿಗೆ ಹೋಗಬೇಕು.’ ಕಾಂಟ್ ಲೆಕ್ಕದಲ್ಲಿ ಅಪ್ಪನಿಗೆ ಸೊನ್ನೆ. ಆದರೆ ಸಣ್ಣ ಊರಿನಲ್ಲಿ ಹೆಸರು ಅಂದರೆ ಬರೀ ವ್ಯಾಪಾರ ಅಲ್ಲ. ಮಗಳ ಮದುವೆಗೆ ಬರುವವರು, ಸತ್ತರೆ ಹೆಗಲು ಕೊಡುವವರು ಅದೇ ಗಿರಾಕಿಗಳು. ಅವರ ಮುಂದೆ ತಲೆ ಎತ್ತಿ ನಡೆಯಬೇಕು ಅನ್ನುವುದು ಲಾಭದಾಸೆಯೋ, ಕರ್ತವ್ಯವೋ? ಎರಡನ್ನೂ ಬಿಡಿಸಿ ಬೇರೆ ಮಾಡಲು ನನಗಂತೂ ಬರುವುದಿಲ್ಲ. ಮಾಡಬೇಕು ಅಂತಲೂ ಅನ್ನಿಸಿಲ್ಲ.

ಆದರೆ ಹೆಸರಿನ ಭಯ ಕೆಲಸಕ್ಕೆ ಬಾರದ ಒಂದು ಜಾಗ ನಮ್ಮ ಧಂದೆಯಲ್ಲಿದೆ. ರೈತ ಬಾಡಿದ ಎಲೆಯೊಂದನ್ನು ಕೈಯಲ್ಲಿ ಹಿಡಿದು ಬರುತ್ತಾನೆ. ‘ಏನ್ ಹೊಡಿಬೇಕ್ರಿ?’ ಅಷ್ಟೇ ಪ್ರಶ್ನೆ. ಆ ಹೊತ್ತಿನಲ್ಲಿ ನಾನೇ ಡಾಕ್ಟರು, ನಾನೇ ಮೆಡಿಕಲ್ ಶಾಪು. ನಾನು ಒಂದು ಬಾಟಲಿ ಕೊಟ್ಟೆನೋ ಮೂರು ಕೊಟ್ಟೆನೋ, ಬೇಕಿತ್ತೋ ಬೇಕಿರಲಿಲ್ಲವೋ ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಬೆಳೆ ಬಂದರೆ ಔಷಧಿಯಿಂದ, ಬರದಿದ್ದರೆ ಮಳೆಯಿಂದ. ಕಾಂಟ್ ಹೇಳುವ ಪರೀಕ್ಷೆ ಅಂದರೆ ಇದು. ದುಡ್ಡು ಕೊಟ್ಟು ಕಲಿತ ಎಂಬಿಎಯಲ್ಲಿ ಈ ಸಂದರ್ಭಕ್ಕೆ ಇದ್ದ ಹೆಸರು ‘ಅಪ್‌ಸೆಲ್ಲಿಂಗ್’.

ಮೆಣಸಿನಕಾಯಿ ಗಿಡಕ್ಕೆ ಎಲೆ ಮುಟುರುವ ವೈರಸ್ ರೋಗ ಬರುತ್ತದೆ. ವೈರಸ್ ಹೊಕ್ಕ ಗಿಡಕ್ಕೆ ಔಷಧಿ ಇಲ್ಲ. ಅದನ್ನು ಕಿತ್ತು ಹಾಕಬೇಕು. ಹರಡುವ ಬಿಳಿ ನೊಣಕ್ಕೆ ಬೇಕಾದರೆ ಹೊಡೆಯಬಹುದು. ಹೀಗೆ ಹೇಳಿದರೆ ರೈತನ ಮುಖ ಸಣ್ಣದಾಗುತ್ತದೆ. ಒಬ್ಬರು ಹಿರಿಯರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ಸಾವ್ಕಾರ್ರ, ಏನರ ಕೊಡ್ರಿ. ಸುಮ್ನ ಕುಂತ್ರ ಜೀವ ತಡಿಯಂಗಿಲ್ಲ.’ ನಾನು ಕೊಡದಿದ್ದರೆ ನಾಲ್ಕು ಅಂಗಡಿ ಆಚೆ ಹೋಗಿ ಮೂರು ಬಾಟಲಿ ತರುತ್ತಾರೆ. ಬೆಂಥಮ್ ಕೇಳಿದರೆ, ಕಡಿಮೆ ಹಾನಿಯ ಒಂದು ಬಾಟಲಿ ನೀನೇ ಕೊಟ್ಟುಬಿಡು, ಒಟ್ಟು ನಷ್ಟ ಕಡಿಮೆ ಅನ್ನಬಹುದು. ಕಾಂಟ್ ಕೇಳಿದರೆ ಸುಳ್ಳು ಹೇಳಬೇಡ, ಅವರು ಎಲ್ಲಿಗಾದರೂ ಹೋಗಲಿ ಅನ್ನಬಹುದು. ನಾನು ಕಾಂಟ್ ಕಡೆ. ಕಾರಣ ದೊಡ್ಡದೇನಲ್ಲ. ಒಂದು ಸಲ ಕೊಟ್ಟರೆ, ಮುಂದೆ ಕೊಡಬೇಡ ಅಂತ ನನ್ನನ್ನು ತಡೆಯುವವರು ಯಾರೂ ಉಳಿಯುವುದಿಲ್ಲ. ಆದರೆ ಬೆಂಥಮ್ ಕಡೆಯ ಅಂಗಡಿಯವನನ್ನು ಕೆಟ್ಟವನು ಅನ್ನಲೂ ನನ್ನ ಕೈಲಾಗುವುದಿಲ್ಲ. ಕೋರ್ಸ್ ಕೊಟ್ಟ ಉಪಯೋಗ ಇದೇ. ಮೊದಲು ಮನಸ್ಸಿನಲ್ಲಿ ಸುಮ್ನೆ ಕಿರಿಕಿರಿ ಇತ್ತು, ಈಗ ಜಗಳ ಯಾರ ಯಾರ ನಡುವೆ ಅಂತ ಗೊತ್ತು.

ಏಳನೆಯದು ಒಪ್ಪಂದದ ಬಗ್ಗೆ. ಷಿಕಾಗೋದ ಒಬ್ಬ ಮುದುಕಿಯ ಮನೆಯಲ್ಲಿ ಟಾಯ್ಲೆಟ್ ಸೋರುತ್ತಿತ್ತು. ರಿಪೇರಿಗೆ 50 ಸಾವಿರ ಡಾಲರ್ ಅಂತ ಒಬ್ಬ ಗುತ್ತಿಗೆದಾರ ಸಹಿ ಹಾಕಿಸಿಕೊಂಡ. ಮುಂಗಡ 25 ಸಾವಿರ ತೆಗೆಯಲು ಅಜ್ಜಿ ಬ್ಯಾಂಕಿಗೆ ಹೋದಾಗ ಅಲ್ಲಿನವರು ಯಾಕೆ ಅಂತ ಕೇಳಿ ಪೊಲೀಸರನ್ನು ಕರೆದರು. ಅಜ್ಜಿ ಒಪ್ಪಿ ಸಹಿ ಹಾಕಿದ್ದು ನಿಜ. ಹಾಗಂತ ಅದು ನ್ಯಾಯವೇ? ಒಪ್ಪಿಗೆ ಒಂದೇ ಸಾಲದು, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಹೊಂದಾಣಿಕೆ ಇರಬೇಕು. ಇಬ್ಬರ ಬಲವೂ ತಿಳಿವಳಿಕೆಯೂ ಸಮ ಇದ್ದರೆ ಮಾತ್ರ ಒಪ್ಪಂದವನ್ನು ಕಣ್ಣುಮುಚ್ಚಿ ನಂಬಬಹುದು. ವಕೀಲರಿಗಿಂತ ಮೊದಲು ವ್ಯಾಪಾರಸ್ಥರು ನೋಡಬೇಕಾದ ಪಾಠ.

ಈ ಪಾಠ ಮುಗಿಸಿದ ಮೇಲೇ ನನಗೆ ಕೋರ್ಸ್‌ನ ದೊಡ್ಡ ಕೊರತೆ ಕಂಡದ್ದು.

ಯೂರಿಯಾ ವಿಷಯ ತಗೊಳ್ಳಿ. 45 ಕೆಜಿ ಚೀಲಕ್ಕೆ ಸರ್ಕಾರ ಗೊತ್ತು ಮಾಡಿದ ದರ 266 ರೂಪಾಯಿ 50 ಪೈಸೆ. ರೈತನ ಆಧಾರ್, ಹೆಬ್ಬೆಟ್ಟು, ಪಿಒಎಸ್ ಮಷೀನು, ಬಿಲ್ಲು ಎಲ್ಲ ಇದೆ. ಚೀಲಕ್ಕೆ ಉಳಿಯುವುದು ಬಿಡಿಗಾಸು. ಹಮಾಲಿ, ಲಾರಿ ಬಾಡಿಗೆ ಕೊಟ್ಟರೆ ಅದೂ ಇಲ್ಲ. ಮುಂಗಾರು ಚೆನ್ನಾಗಿ ಹಿಡಿದು ಮಾಲು ಕಡಿಮೆಯಾದಾಗ ಮೇಲಿನಿಂದ ಒಂದು ಷರತ್ತು ಬರುತ್ತದೆ. ಯೂರಿಯಾ ಬೇಕಾದರೆ ಜೊತೆಗೆ ಇಷ್ಟು ಪೆಟ್ಟಿಗೆ ದ್ರವ ಗೊಬ್ಬರ, ಇಷ್ಟು ಜಿಂಕ್ ತಗೋ. ಇದನ್ನು ಲಿಂಕ್ ಅಂತಲೂ ಟ್ಯಾಗಿಂಗ್ ಅಂತಲೂ ಕರೆಯುತ್ತಾರೆ. ಹೀಗೆ ಮಾಡಬಾರದು ಅಂತ ಸರ್ಕಾರ ಹೇಳುತ್ತಲೇ ಇದೆ. ಮಾಲು ತರುವ ಹುಡುಗನಿಗೆ ಕೇಳಿದರೆ ‘ಅಣ್ಣಾ, ನಂಗೂ ಮ್ಯಾಲಿಂದ ಟಾರ್ಗೆಟ್ ಐತಿ, ನಾ ಏನ್ ಮಾಡ್ಲಿ?’ ಅನ್ನುತ್ತಾನೆ. ಪಾಪ, ಅವನು ಹೇಳುವುದು ನಿಜ. ಅವನ ಮ್ಯಾನೇಜರ್‌ಗೂ ಅವನ ಮೇಲಿನವನಿಗೂ ಟಾರ್ಗೆಟ್ ಇದೆ. ಕೆಳಗೆ ಬರುತ್ತಾ ಬರುತ್ತಾ ಅಂಗಡಿಯವನು ಅದನ್ನು ರೈತನ ಚೀಲಕ್ಕೆ ಕಟ್ಟುತ್ತಾನೆ. ರೈತ ಕಟ್ಟಲು ಅವನ ಕೆಳಗೆ ಯಾರೂ ಇಲ್ಲ.

ನಾನು ಯೂರಿಯಾ ಜೊತೆ ಅದನ್ನು ಕಟ್ಟಿ ಕೊಡುವುದಿಲ್ಲ. ಪೆಟ್ಟಿಗೆಗಳು ಗೋಡೌನ್‌ನಲ್ಲಿ ಕೂತಿವೆ. ಬೇಕು ಅಂದವರಿಗೆ ಅಸಲಿಗೆ ಕೊಡುತ್ತೇನೆ. ಉಳಿದ ನಷ್ಟವನ್ನು ಬೀಜದ, ಔಷಧಿಯ ಲಾಭದಲ್ಲಿ ತುಂಬಿಸಿಕೊಳ್ಳುತ್ತೇನೆ. ಅಂದರೆ ಕೊನೆಗೆ ಬೇರೊಬ್ಬ ರೈತನೇ ಕೊಟ್ಟ ಹಾಗಾಯಿತು, ಅಲ್ವಾ? ಇಲ್ಲಿ ಹಳಿಯ ಮುಂದೆ ನಿಂತು ಗುಂಡಿ ಒತ್ತುವವನು ಒಬ್ಬನಲ್ಲ. ಪ್ರತಿಯೊಬ್ಬನೂ ಸ್ವಲ್ಪ ಸ್ವಲ್ಪ ಒತ್ತುತ್ತಾನೆ, ಯಾರಿಗೂ ತಾನು ಒತ್ತಿದೆ ಅನ್ನಿಸುವುದಿಲ್ಲ. ಸ್ಯಾಂಡೆಲ್ ಅವರ ಉದಾಹರಣೆಗಳಲ್ಲಿ ಹೆಚ್ಚಾಗಿ ಒಬ್ಬ ಮನುಷ್ಯ, ಒಂದು ತೀರ್ಮಾನ. ಇಲ್ಲವಾದರೆ ಸರ್ಕಾರ, ಒಂದು ಕಾನೂನು. ಇವೆರಡರ ನಡುವೆ ಇರುವ ಕಂಪನಿ, ಏಜೆನ್ಸಿ, ಟಾರ್ಗೆಟ್, ಇನ್ಸೆಂಟಿವ್ ಬಗ್ಗೆ ಮಾತು ಕಡಿಮೆ. 2016ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಗಿರಾಕಿಗಳಿಗೆ ಗೊತ್ತಿಲ್ಲದೆ ಲಕ್ಷಗಟ್ಟಲೆ ಖಾತೆ ತೆರೆದದ್ದು ಬಯಲಾಯಿತು. 5,300 ಜನರ ಕೆಲಸ ಹೋಗಿತ್ತು. ಬಹಳಷ್ಟು ಕೆಳಗಿನವರೇ. ಅವರೆಲ್ಲ ಕಾಂಟ್ ಓದಿದ್ದರೆ ಇದು ಆಗುತ್ತಿರಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಟಾರ್ಗೆಟ್ ಬರೆದವನಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಈ ಕೋರ್ಸ್ ಕಲಿಸುವುದಿಲ್ಲ. ಅದನ್ನು ಕಲಿಸಬೇಕಾದ್ದು ನದಿಯ ಇನ್ನೊಂದು ದಡದ ಬಿಸಿನೆಸ್ ಸ್ಕೂಲಿನವರು. ಅವರು ಟಾರ್ಗೆಟ್ ಬರೆಯುವುದನ್ನು ಕಲಿಸುತ್ತಾರೆ.

ಬೆಲೆ ಏರಿಸುವುದರ ಬಗ್ಗೆ ಮಾತ್ರ ಸ್ಯಾಂಡೆಲ್ ಗಟ್ಟಿಯಾಗಿದ್ದಾರೆ. ಇದು ಕೋರ್ಸ್ ಜೊತೆಗೆ ಬಂದ ಅವರ ಪುಸ್ತಕದ ಶುರುವಿನಲ್ಲೇ ಇದೆ. 2004ರಲ್ಲಿ ಫ್ಲಾರಿಡಾಕ್ಕೆ ಚಾರ್ಲಿ ಚಂಡಮಾರುತ ಬಡಿದಾಗ 2 ಡಾಲರಿನ ಐಸ್ ಚೀಲ 10 ಡಾಲರ್ ಆಯಿತು, 250 ಡಾಲರಿನ ಜನರೇಟರ್‌ಗೆ 2,000 ಕೇಳಿದರು. ಬೇಡಿಕೆ ಇದೆ, ಬೆಲೆ ಏರಲಿ, ಆಗ ಬೇರೆ ಊರಿನಿಂದ ಮಾಲು ತಾನಾಗಿ ಬರುತ್ತದೆ ಅಂತ ಕೆಲವು ಅರ್ಥಶಾಸ್ತ್ರಜ್ಞರು ಹೇಳಿದರು. ನಮ್ಮ ಎಕನಾಮಿಕ್ಸ್ ಪೇಪರಿನಲ್ಲೂ ಅದೇ ಉತ್ತರಕ್ಕೆ ಮಾರ್ಕ್ಸು. ಯೂರಿಯಾಕ್ಕೆ ಇದನ್ನು ಹಚ್ಚಿ ನೋಡಿ. ಬೆಲೆ ಏರಿಸಿದರೆ ಮಾಲು ಬರುವುದಿಲ್ಲ. ಹಡಗಿನಲ್ಲಿ ಬರಬೇಕು, ರೈಲಿನ ರೇಕ್ ಸಿಗಬೇಕು, ದಿಲ್ಲಿಯಿಂದ ಹಂಚಿಕೆ ಆಗಬೇಕು. ಜೋಳಕ್ಕೆ ಮೇಲುಗೊಬ್ಬರ ಹಾಕುವ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ. 2025ರ ಮುಂಗಾರಿನಲ್ಲೂ ರಾಜ್ಯದಲ್ಲಿ ಯೂರಿಯಾಕ್ಕೆ ಸಾಲು ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ನಮ್ಮ ಹಾವೇರಿಗೆ ಇದು ಪುಸ್ತಕದ ವಿಷಯ ಅಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಲು ಬೀದಿಗೆ ಬಂದ ರೈತರ ಮೇಲೆ ಇಲ್ಲಿ ಗುಂಡು ಹಾರಿತು. ಇಬ್ಬರು ರೈತರ ಜೀವ ಹೋಯಿತು. ಅದಾದ ಮೇಲೆ ಈ ಊರಿನಲ್ಲಿ ನಿಂತು ‘ಬೇಡಿಕೆ ಪೂರೈಕೆ’ ಅಂತ ಗ್ರಾಫ್ ಬರೆಯಲು ಧೈರ್ಯ ಬೇಕು.

ಎಂಟನೆಯದು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್. ನೀನು ಯಾರ ಮನೆಯಲ್ಲಿ ಹುಟ್ಟುತ್ತೀಯ ಅಂತ ಗೊತ್ತಿಲ್ಲದೆ ನಿಯಮ ಬರೆಯಬೇಕಾದರೆ ಹೇಗೆ ಬರೆಯುತ್ತೀಯ ಅನ್ನುವುದು ಅವರ ಪ್ರಶ್ನೆ. ಇದರಲ್ಲಿ ಒಂದು ಜಾಗ ತಪ್ಪಿಸಬೇಡಿ. ನಾನು ಕಷ್ಟಪಟ್ಟು ಓದಿದೆ, ಅದಕ್ಕೇ ಹಾರ್ವರ್ಡ್ ಸೀಟು ಅಂತ ಹುಡುಗರು ವಾದ ಮಾಡುತ್ತಿರುವಾಗ ಸ್ಯಾಂಡೆಲ್ ಕೇಳುತ್ತಾರೆ: ನಿಮ್ಮಲ್ಲಿ ಮನೆಗೆ ಮೊದಲ ಮಗು ಎಷ್ಟು ಜನ? ಸಭೆಯ ಬಹುಪಾಲು ಕೈ ಮೇಲೆ ಏಳುತ್ತವೆ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಾರೆ. ಕಷ್ಟಪಡುವ ಗುಣವೂ ಹುಟ್ಟಿದ ಕ್ರಮಾಂಕದಿಂದ ಬಂದಿದ್ದರೆ ಅದರ ಹೆಮ್ಮೆ ಯಾರಿಗೆ? ನಾನು ಗಲ್ಲಾಪೆಟ್ಟಿಗೆಯ ಹಿಂದೆ ಹುಟ್ಟಿದವನು. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ನನಗಿಂತ ಜಾಸ್ತಿ ಮಾರ್ಕ್ಸ್ ತೆಗೆದವನು ಈಗ ಇದೇ ಬೀದಿಯಲ್ಲಿ ಹಮಾಲಿ ಮೇಸ್ತ್ರಿ. ಅವನ ಅಪ್ಪನೂ ಹಮಾಲಿ ಮಾಡುತ್ತಿದ್ದವರು. ಸ್ವಂತ ಶ್ರಮದಿಂದ ಮೇಲೆ ಬಂದೆ ಅಂತ ವ್ಯಾಪಾರಸ್ಥರ ಸಂಘದ ಸನ್ಮಾನದಲ್ಲಿ ಭಾಷಣ ಮಾಡುವವರಿಗೆಲ್ಲ ಈ ಕಂತನ್ನು ಕಡ್ಡಾಯ ಮಾಡಬೇಕು.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಒಂಬತ್ತು ಮೀಸಲಾತಿ, ಅಮೆರಿಕದ ಮಟ್ಟಿಗೆ. ನಮ್ಮ ಜಾತಿಯ ಇತಿಹಾಸ ಗೊತ್ತಿರುವವರಿಗೆ ಅವರ ಚರ್ಚೆ ತೆಳು ಅನ್ನಿಸಬಹುದು. ಅದರ ಎರಡನೇ ಪಾಠದಲ್ಲೇ ಶುರುವಾಗಿ ಹತ್ತರಲ್ಲೂ ಅರಿಸ್ಟಾಟಲ್. ಒಳ್ಳೆಯ ಕೊಳಲು ಯಾರಿಗೆ ಸಲ್ಲಬೇಕು ಅಂದರೆ, ಚೆನ್ನಾಗಿ ಊದುವವನಿಗೆ. ಯಾಕೆಂದರೆ ಕೊಳಲು ಇರುವುದೇ ಅದಕ್ಕೆ. ಹಾಗಾದರೆ ಅಂಗಡಿ ಇರುವುದು ಯಾತಕ್ಕೆ ಅಂತ ಕೇಳಿಕೊಂಡರೆ ಫ್ರೀಡ್‌ಮನ್ ಜೊತೆ ಜಗಳ ಆಡಲು ಒಳ್ಳೆಯ ಅಸ್ತ್ರ ಸಿಗುತ್ತದೆ. ಅದನ್ನು ಸ್ಯಾಂಡೆಲ್ ಮಾಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಹನ್ನೊಂದು, ಹನ್ನೆರಡು ಸಮುದಾಯ, ಮದುವೆ, ದೇಶ ಇತ್ಯಾದಿ. ಇಲ್ಲಿ ಅವರು ತನ್ನ ಅಭಿಪ್ರಾಯ ಹೇಳುತ್ತಾರೆ. ಒಬ್ಬೊಬ್ಬ ಮನುಷ್ಯ ಬೇರು ಇಲ್ಲದ ಗಿಡ ಅಲ್ಲ ಅನ್ನುವುದು ಅವರ ನಿಲುವು. ನಮ್ಮೂರಲ್ಲಿ ಇದಕ್ಕೆ ಪುರಾವೆ ಬೇಕಾಗಿಲ್ಲ. ಬೇರು ಜಾಸ್ತಿಯಾಗಿ ಉಸಿರು ಕಟ್ಟುವುದೇ ನಮ್ಮ ತೊಂದರೆ.

ಈಗ ನೋಡುವುದು ಹೇಗೆ ಅನ್ನುವ ಬಗ್ಗೆ. ಇಂಗ್ಲಿಷ್ ಸ್ಪಷ್ಟವಾಗಿದೆ. ಸ್ಯಾಂಡೆಲ್ ನಿಧಾನವಾಗಿ ಮಾತಾಡುತ್ತಾರೆ. ವಿದ್ಯಾರ್ಥಿಗಳು ಹಾಗಲ್ಲ, ಬಡಬಡ ಅಂತ ಹೇಳಿ ಕೂತುಬಿಡುತ್ತಾರೆ, ಅದಕ್ಕೆ ಕೆಳಗೆ ಅಕ್ಷರ ಬರುವ ಹಾಗೆ ಹಾಕಿಕೊಳ್ಳಿ. ಕನ್ನಡ ಮೀಡಿಯಂನಲ್ಲಿ ಓದಿದವರು ಹೆದರಬೇಕಾಗಿಲ್ಲ, ಉದಾಹರಣೆ ಹಿಡಿದುಕೊಂಡರೆ ವಾದ ತಾನಾಗಿ ಬರುತ್ತದೆ. ಮೂಲ ಓದು ಮಾತ್ರ ಕಷ್ಟ. ಬೆಂಥಮ್, ಅವರ ದಾರಿಯಲ್ಲೇ ನಡೆದ ಮಿಲ್ ಓದಲು ಆಗುತ್ತಾರೆ. ಕಾಂಟ್ ಓದಲು ಕೂತರೆ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಗಿರಾಕಿ ಬಂದು ಹೋಗಿರುತ್ತಾನೆ. ಸರ್ಟಿಫಿಕೇಟ್‌ಗೆ ದುಡ್ಡು ಹಾಕಬೇಡಿ. ಇದನ್ನು ಗೋಡೆಗೆ ತೂಗುಹಾಕಿದರೆ ಗಿರಾಕಿಗಳಿಗೆ ಅನುಮಾನ ಬಂದೀತು. ಒಬ್ಬರೇ ನೋಡುವುದಕ್ಕಿಂತ ಇಬ್ಬರು ಮೂವರು ಕೂತು, ನಡುವೆ ನಿಲ್ಲಿಸಿ ಜಗಳ ಆಡುತ್ತಾ ನೋಡಿ. ನಾನು ನೋಡಿದ್ದು ಪಕ್ಕದ ಪೈಪಿನ ಅಂಗಡಿಯ ಗೆಳೆಯನ ಜೊತೆ, ಅಂಗಡಿ ಮುಚ್ಚಿದ ಮೇಲೆ. ಅವನು ಕಡೇತನಕ ಬೆಂಥಮ್ ಪಕ್ಷ ಬಿಡಲಿಲ್ಲ.

ನನ್ನ ಅಂಕ: ಕಲಿಸುವ ರೀತಿಗೆ ಐದಕ್ಕೆ ಐದು. ವ್ಯಾಪಾರಸ್ಥನಿಗೆ ಉಪಯೋಗ ಐದಕ್ಕೆ ಮೂರೂವರೆ, ಒಂದೂವರೆ ಕಳೆದದ್ದು ಆ ಟಾರ್ಗೆಟ್ ವಿಷಯಕ್ಕೆ. ನಮ್ಮ ಕಾಲೇಜಿನ ಪೇಪರ್‌ಗೆ ಎಷ್ಟು ಅಂತ ಕೇಳಬೇಡಿ.

ತಂಗಿಯ ಮಗಳು ಈ ವರ್ಷ ಎಂಬಿಎ ಸೇರಿದ್ದಾಳೆ. ಅವಳಿಗೆ 2, 6, 7, 8 ಈ ನಾಲ್ಕು ಕಂತಿನ ಲಿಂಕ್ ಕಳಿಸಿದೆ. ‘ಮಾಮಾ, ಒಂದೂವರೆ ಸ್ಪೀಡ್‌ನಲ್ಲಿ ನೋಡ್ತೀನಿ, ಟೈಮ್ ಇಲ್ಲ’ ಅಂದಳು. ಉಳಿದವಕ್ಕೆ ನಡೆಯುತ್ತದೆ. ಆರನೆಯದಕ್ಕೆ ಆಗುವುದಿಲ್ಲ ಅಂತ ಹೇಳಿದ್ದೇನೆ.